ತಿರುವಿನ ಒಲೆ: ಎರಡು ಪದರದ ಮಣ್ಣು

ಗೋಣಿಚೀಲ ಮಗುಚಿದ್ದೇ ತಡ, ಸುಟ್ಟ ಮಣ್ಣಿನ ಹೆಂಟೆಗಳು ಮೇಜಿನ ತುಂಬ ಉರುಳಾಡಿದವು. ಒಂದು ಚೂರು ಹಾರಿ ನನ್ನ ಕಾಫಿಯೊಳಗೆ ಬಿದ್ದು ಮುಳುಗಿತು.

“ಅದನ್ನೂ ತೆಗಿ ಅಬುಂದಿಯೊ,” ಎಂದರು ದೋನ್ಯಾ ಕೂಕಾ. “ಸಾಕ್ಷೀನ ಕುಡಿದುಬಿಡಬೇಡ.”

ಚಮಚ ಹಾಕಿ ತೆಗೆದೆ. ದಾಲ್ಚಿನ್ನಿ ಹಾಕಿದ ಕಾಫಿಗೆ ಈಗ ಮಣ್ಣಿನ ಘಮವೂ ಸೇರಿತ್ತು. ಚೆಲ್ಲಲು ಮನಸ್ಸಾಗದೆ ಗುಟುಕರಿಸಿದೆ.

ಈ ಮಣ್ಣು ಹೋದ ಭಾನುವಾರದ್ದು. ತೊಂಬತ್ತೊಂದು ವರ್ಷದಲ್ಲಿ ಮೊದಲ ಸಲ ರಸ್ತೆ ತಿರುವಿನ ಈ ಒಲೆಯಿಂದ ಸಕಾವಿಲ್ ಅರೆಬೆಂದು ಹೊರಬಂದ ದಿನ, ಆ ಒಲೆಯ ಬಾಯಿಂದ ಒಡೆದು ತೆಗೆದದ್ದು. ಆ ಬಾಯಿಗೆ ಮಣ್ಣು ಮೆತ್ತಿದ್ದವಳು ಒಲೆಯ ಮನೆಯ ಸೊಸೆ ಉಬಾಲ್ದಾ. ಹಾಗಾಗಿ ಊರಿನ ಬಾಯಿಗೆ ಸಿಕ್ಕವಳೂ ಅವಳೇ.

ಸಕಾವಿಲ್ ಹಸಿಯಾಗುವುದೆಂದರೆ ನಮ್ಮ ವಾಸ್ತೆಕಾ ಸೀಮೆಯಲ್ಲಿ ಸಣ್ಣ ಮಾತಲ್ಲ. ಮಲಗಿದ ಆಳಿನುದ್ದದ ಎಲೆಗಡುಬು ಅದು. ತರಿತರಿಯಾಗಿ ಒಡೆದ ಜೋಳ, ಕೆಂಪು ಮೆಣಸಿನಕಾಯಿ, ಅರ್ಧ ಹಂದಿ, ಎರಡು ಟರ್ಕಿ ಕೋಳಿ, ಮೇಲೆ ಬಾಳೆ ಎಲೆಯ ಹೊದಿಕೆ. ಶನಿವಾರ ಸಂಜೆ ಒಲೆಯೊಳಗೆ ಮಲಗಿದರೆ ಭಾನುವಾರ ಬೆಳಿಗ್ಗೆಯೇ ಏಳುವುದು. ಸಿಟ್ಟಿರುವವರ, ಹೊಟ್ಟೆಕಿಚ್ಚಿರುವವರ ಕಣ್ಣು ಒಲೆಯೊಳಗೆ ಬಿದ್ದರೆ ಅದು ಬೇಯುವುದಿಲ್ಲ.

ಅದಕ್ಕೇ ಸಕಾವಿಲ್ ಒಳಗೆ ಹೋಗುವಾಗ ಎಲ್ಲರೂ ರಸ್ತೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ತಳ್ಳುವವನೊಬ್ಬನಿಗೆ ಮಾತ್ರ ನೋಡುವ ಹಕ್ಕು. ಬೆಂಕಿಯ ಮುಂದೆ ಬೆಳೆದ ಅವನ ಕಣ್ಣು ಆಗಲೇ ಬೆಂದಿರುತ್ತದೆ ಎಂದು ನಂಬಿಕೆ. ಮಣ್ಣು ಮೆತ್ತುವ ಹೆಂಗಸು ಕೂಡ, ತಗಡಿನ ಬಾಗಿಲು ಬಾಯಿಗೆ ಕೂರುವ ತನಕ ಮುಖ ಆಚೆ ತಿರುಗಿಸಿರಬೇಕು. ಕಣ್ಣು ಹಾಕಿದವಳು ಸಿಕ್ಕಿಬಿದ್ದರೆ ಆ ಒಲೆಯ ಋಣ ಅವಳಿಗೆ ಅಲ್ಲಿಗೆ ಮುಗಿಯಿತು.

ಕಣ್ಣು ಸೊಸೆಯದೇ ಎಂದು ಒಲೆಯ ಒಡತಿ, ಅವಳ ಅತ್ತೆ ಎರ್ಮೀನಿಯಾ ಅಜ್ಜಿ ಭಾನುವಾರ ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದವರೆಲ್ಲರ ಎದುರು ಹೇಳಿಬಿಟ್ಟಿದ್ದಳು. ಇವತ್ತು ಶನಿವಾರ. ಐದೂವರೆಯ ಬಸ್ಸಿಗೆ ಅಜ್ಜಿಯ ತಂಗಿಯ ಮಗಳು ದೆಲ್ಫೀನಾ ಬಂದಿಳಿಯುತ್ತಾಳೆ. ಆರಕ್ಕೆ ಒಲೆಯ ಬಾಯಿ ಮುಚ್ಚುವಾಗ ಮಣ್ಣು ಅವಳ ಕೈಗೆ. ಅದೇ ಬಸ್ಸು ತಿರುಗಿ ಹೊರಟಾಗ ಉಬಾಲ್ದಾ ಹತ್ತಬೇಕು. ಗಂಡ ತೀರಿಕೊಂಡು ನಾಲ್ಕು ವರ್ಷ. ಬಸ್ಸಿಗೆ ನಿಲ್ಲಲು ಹದಿನೇಳು ಊರುಗಳಿದ್ದವು. ಅವಳಿಗೆ ಇಳಿಯಲು ಒಂದೂ ಇರಲಿಲ್ಲ.

ಗಡಿಯಾರ ನೋಡಿಕೊಂಡೆ. ಮೂರೂ ಕಾಲು.

ದೋನ್ಯಾ ಕೂಕಾ, ಅಂದರೆ ಕೂಕಾ ಅಮ್ಮನವರು, ಜಿಲ್ಲಾ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಬೆರಳಚ್ಚು ಮಾಡಿ ನಿವೃತ್ತರಾದವರು. ಬೇರೆಯವರು ಹೇಳಿದ ಸುಳ್ಳನ್ನು ಒಂದಕ್ಷರ ತಪ್ಪದಂತೆ ಬರೆದೂ ಬರೆದೂ, ಸುಳ್ಳು ಬಾಯಿ ಬಿಡುವ ಮೊದಲೇ ಅವರಿಗೆ ಅದರ ಕಾಗುಣಿತ ಗೊತ್ತಾಗುತ್ತದೆ. ನಾನು ಧ್ವನಿವರ್ಧಕದ ವ್ಯಾನಿನವನು. ಗ್ಯಾಸ್ ಸಿಲಿಂಡರು, ಚಪ್ಪಲಿ ಸೇಲು, ಸಾವಿನ ಸುದ್ದಿ ಎಲ್ಲವನ್ನೂ ಊರೂರು ಸುತ್ತಿ ಬೇರೆ ಬೇರೆ ಗಂಟಲಲ್ಲಿ ಹೇಳುತ್ತೇನೆ. ಕೂಗುವುದು ನನ್ನ ಕೆಲಸ, ಕೂಕಾ ಅನ್ನುವ ಹೆಸರು ಮಾತ್ರ ಅವರಿಗೆ. ಅವರಿಗೆ ವಾಹನವಿಲ್ಲ, ನನಗೆ ಕುತೂಹಲ ತಡೆಯುವುದಿಲ್ಲ; ಹೀಗೆ ಜೋಡಿಯಾದೆವು. ಈ ಗಂಟು ಬಿಡಿಸಿಕೊಡಿ ಎಂದು ಉಬಾಲ್ದಾ ಬಂದು ಕೇಳಿದ್ದಳು.

ಒಲೆ ನಮ್ಮ ಬೆನ್ನ ಹಿಂದೆ ಉರಿಯುತ್ತಿತ್ತು. ಮಣ್ಣಿನ ಗುಮ್ಮಟ, ಆಳೆತ್ತರ. ಈ ದಾರಿಯ ಬಸ್ಸುಗಳಿಗೆ ಇದು ನಿಲ್ದಾಣ, ಮದುವೆ ಕಾಗದಗಳಲ್ಲಿ ಇದು ವಿಳಾಸ: ಒಲೆ ದಾಟಿ ಎಡಕ್ಕೆ ತಿರುಗಿ ಎಂದು ಅಚ್ಚು ಹಾಕಿಸುತ್ತಾರೆ. ಲಾರಿಯವರು ಇಲ್ಲಿ ಹಾರ್ನ್ ಹೊಡೆಯುವುದು ತಿರುವಿಗೋ ಒಲೆಗೋ ಅವರಿಗೇ ಗೊತ್ತಿಲ್ಲ. ಆದರೆ ಈ ವಾರ ಹಾರ್ನ್ ಹೊಡೆದವರು ಕಡಿಮೆ. ಮಧ್ಯಾಹ್ನದಿಂದ ನಿಂತ ಗಾಡಿಗಳು ಎರಡು. ಒಂದಕ್ಕೆ ಚಕ್ರ ಪಂಚರಾಗಿತ್ತು.

“ಆ ಮಣ್ಣು ಯಾಕೆ ಇಟ್ಕೊಂಡಿದೀರಿ, ಕೊಡಿ, ಹಳ್ಳಕ್ಕೆ ಸುರಿದು ಬರ್ತೀನಿ,” ಎನ್ನುತ್ತ ಪೋನ್ಸಿಯಾನೊ ಸೌದೆಯ ಹೊರೆಯೊಂದಿಗೆ ಹಾದುಹೋದ. ಇದು ಮೂರನೆಯ ಸಲ.

ಪೋನ್ಸಿಯಾನೊ ಅಜ್ಜಿಯ ಕಿರಿಯ ಮಗ, ಸಕಾವಿಲ್ ಒಳಗೆ ತಳ್ಳುವವನು. ನಗುಮುಖ. ಹೊಸ ಹೆದ್ದಾರಿಯ ಪೆಟ್ರೋಲ್ ಬಂಕಿನ ಪಕ್ಕ ಗಾಜಿನ ಅಂಗಡಿ ಹಾಕಿ, ಸ್ಟೀಲಿನ ಪೆಟ್ಟಿಗೆಯಲ್ಲಿ ಸಕಾವಿಲ್ ಬೇಯಿಸಬೇಕೆಂದು ಮೂರು ವರ್ಷದಿಂದ ತಾಯಿಯ ಕಿವಿ ಕಡಿಯುತ್ತಿದ್ದಾನೆ. ಈ ಒಲೆಗೆ ಕೆಟ್ಟ ಹೆಸರು ಬಂದರೆ ಲಾಭ ಇರುವವನು ಅವನೊಬ್ಬನೇ ಎಂದು ನನ್ನ ತೀರ್ಮಾನ. ಹಾಗೆಂದು ಹೇಳಿದಾಗ ದೋನ್ಯಾ ಕೂಕಾ ನಕ್ಕು, ನಿನ್ನ ತೀರ್ಮಾನವನ್ನು ವ್ಯಾನಿನಲ್ಲಿ ಹಾಕಿ ಮಾರಿಕೋ, ನನಗೆ ಬೇಕಾದ್ದು ಪುರಾವೆ ಎಂದಿದ್ದರು.

ಪುರಾವೆ ನಮ್ಮ ಹತ್ತಿರ ಒಂದೇ ಇತ್ತು. ದೋನ್ಯಾ ಕೂಕಾರ ಕರವಸ್ತ್ರದಲ್ಲಿ ಮೂರು ಚೂರು ತಂತಿ. ಒಲೆಯ ಬೂದಿಯಲ್ಲಿ ಸಿಕ್ಕಿದ್ದು. ಈ ಮನೆಯವರು ಸಕಾವಿಲ್ ಕಟ್ಟುವುದು ಬಾಳೆನಾರಿನಿಂದ. ತಂತಿಯಿಂದ ಕಟ್ಟುವವನು ಈ ಸೀಮೆಗೆಲ್ಲ ಒಬ್ಬನೇ, ಎರಡು ಮೈಲಿ ಆಚೆ ಒಲೆ ಇಟ್ಟುಕೊಂಡಿರುವ ಕಾಸ್ತುಲೊ. ಹೆಸರಿನಲ್ಲಿ ಕಾಸಿದೆ, ಕೈಯಿಂದ ಮಾತ್ರ ಉದುರುವುದಿಲ್ಲ. ತಂತಿಯಾದರೆ ಮುಂದಿನ ವಾರಕ್ಕೂ ಬರುತ್ತದಲ್ಲ.

ಅಂದರೆ ಹೋದ ಭಾನುವಾರ ಈ ಒಲೆಯಿಂದ ಹಸಿಯಾಗಿ ಬಂದ ಸಕಾವಿಲ್ ಈ ಮನೆಯದೇ ಅಲ್ಲ. ಕಾಸ್ತುಲೊನದು. ಮುಚ್ಚಿದ ಒಲೆಯೊಳಗೆ ಅದು ಹೋಗಿದ್ದು ಹೇಗೆ ಎಂದು ಕೇಳಲು ಬೆಳಿಗ್ಗೆ ಅವನ ಮನೆಗೇ ಹೋಗಿದ್ದೆವು.

ಆ ಭೇಟಿಯನ್ನು ನಾನು ವಾಪಸು ಬರುವ ದಾರಿಯುದ್ದಕ್ಕೂ ದನಿ ಅನುಕರಿಸಿ ತೋರಿಸಿದ್ದೆ. ಮೂಗಿನಲ್ಲಿ ಮಾತಾಡುವ ಕಾಸ್ತುಲೊ: ಶನಿವಾರ ಸಂಜೆಯಿಂದ ಹಲ್ಲುನೋವು ತಾಯೀ, ಹಾಸಿಗೆ ಬಿಟ್ಟು ಎದ್ದಿಲ್ಲ. ಅದೇ ಉಸಿರಿನಲ್ಲಿ ಅಡುಗೆಮನೆಯಿಂದ ಅವನ ಹೆಂಡತಿಯ ಕೀಚಲು: ಪಾಪ, ಶನಿವಾರ ರಾತ್ರಿಯೆಲ್ಲ ಸಾವಿನ ಮನೇಲಿದ್ರು, ಬಂದಿದ್ದು ಮೂರು ಗಂಟೆಗೆ. ಗಂಡ ಹಾಸಿಗೆಯಲ್ಲಿ, ಗಂಡ ಸಾವಿನ ಮನೆಯಲ್ಲಿ. ಎರಡೂ ನಿಜವಾಗಿದ್ದರೆ ನಾವು ಅವನ ದೆವ್ವದ ಜೊತೆ ಮಾತಾಡಿ ಬಂದಿದ್ದೆವು.

ಆಮೇಲೆ ಅವನು ಬಾಯಿ ಮುಚ್ಚಿಕೊಂಡ. ಎಷ್ಟು ಕೆದಕಿದರೂ ಇಲ್ಲ. ಹೆದರಿದವನ ಮೌನವಲ್ಲ ಅದು, ಯಾರಿಗೋ ಮಾತು ಕೊಟ್ಟವನ ಮೌನ ಎಂದು ದೋನ್ಯಾ ಕೂಕಾ ವ್ಯಾನು ಹತ್ತುವಾಗ ಹೇಳಿದ್ದರು.

ಈಗ ಅವರು ಹೆಂಟೆಗಳನ್ನು ಒಂದೊಂದಾಗಿ ಎತ್ತಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದರು. ಪ್ರತಿ ಹೆಂಟೆಯ ಮೇಲೂ ಉದ್ದುದ್ದ ಗೆರೆಗಳಿದ್ದವು.

“ಈ ಗೆರೆ ಯಾತರದು?” ಎಂದು ಕೇಳಿದರು.

ನೀರಿನ ಬಕೆಟ್ಟು ಹಿಡಿದು ಬಂದ ಉಬಾಲ್ದಾ ಉತ್ತರದ ಬದಲು ತೋರಿಸಿಯೇ ಕೊಟ್ಟಳು. ಕಾಳು ಉದುರಿಸಿದ ಜೋಳದ ದಿಂಡನ್ನು ಹಸಿ ಮಣ್ಣಿನ ಮೇಲಿಟ್ಟು ಲಟ್ಟಣಿಗೆಯ ಹಾಗೆ ಉರುಳಿಸಿದಳು. ಹೀಗೆ ಒತ್ತಿದರೆ ಮಣ್ಣು ಬಿರುಕು ಬಿಡುವುದಿಲ್ಲ, ಇದು ತನ್ನ ತವರಿನ ಕಡೆಯ ರೀತಿ ಎಂದಳು. ಮಣ್ಣಿನ ಮೇಲೆ ಹೆಂಟೆಯಲ್ಲಿದ್ದಂಥವೇ ಗೆರೆಗಳು ಮೂಡಿದವು. ಮೂವತ್ತೈದರ ಹೆಂಗಸು, ಮೊಣಕೈ ತನಕ ಸುಟ್ಟ ಕಲೆಗಳು. ಬೆಳಿಗ್ಗೆಯಿಂದ ಅವಳು ನನ್ನ ಕಣ್ಣಿಗೆ ಕಣ್ಣು ಕೊಟ್ಟಿರಲಿಲ್ಲ. ಗೂಡಂಗಡಿಯ ಕಂಬಕ್ಕೆ ಅವಳ ಬಟ್ಟೆಯ ಗಂಟು ಒರಗಿಕೊಂಡಿತ್ತು.

ದೋನ್ಯಾ ಕೂಕಾ ಇನ್ನೊಂದು ಹೆಂಟೆ ಎತ್ತಿಕೊಂಡರು. ಇದು ಉಳಿದವುಗಳಿಗಿಂತ ದಪ್ಪ. ಉಗುರಿನಿಂದ ಅದರ ಅಂಚು ಕೆರೆದರು. ಮೇಲಿನ ಸಿಪ್ಪೆ ಬಿಸ್ಕತ್ತಿನ ಹಾಗೆ ಸಲೀಸಾಗಿ ಎದ್ದು ಬಂತು. ಅದರ ಕೆಳಗೆ ಇನ್ನೊಂದು ಪದರ, ಇಟ್ಟಿಗೆಯ ಹಾಗೆ ಸುಟ್ಟು ಕೆಂಪಗಾದದ್ದು. ಅದರ ಮೇಲೆ ಉಬಾಲ್ದಾಳ ಗೆರೆಗಳು ಸೊಗಸಾಗಿ ಉಳಿದಿದ್ದವು.

ಮೇಲಿನ ಸಿಪ್ಪೆಯನ್ನು ಮಗುಚಿ ನನ್ನ ಮುಂದೆ ಇಟ್ಟರು. ಅದರ ಮೇಲೆ ಗೆರೆ ಇರಲಿಲ್ಲ. ಹೂವುಗಳಿದ್ದವು. ನಾಣ್ಯದಗಲದ ಗುಂಡು ಗುಂಡು ಹೂವು, ನಡುವೆ ಗುಳಿ, ಸುತ್ತ ಎಸಳು.

ನನಗೆ ಅರ್ಥವಾಗಲು ಎರಡು ಗುಟುಕು ಕಾಫಿ ಬೇಕಾಯಿತು. ಉಬಾಲ್ದಾ ಮುಚ್ಚಿದ ಮೇಲೆ ಯಾರೋ ಬಾಯಿ ಒಡೆದಿದ್ದಾರೆ. ತಗಡಿನ ಸುತ್ತ ಉಳಿದಿದ್ದ ಹಳೆಯ ಮಣ್ಣಿನ ಮೇಲೇ ಹೊಸ ಮಣ್ಣು ಮೆತ್ತಿ ಮತ್ತೆ ಮುಚ್ಚಿದ್ದಾರೆ. ಆದರೆ ಅವರು ದಿಂಡನ್ನು ಉರುಳಿಸಲಿಲ್ಲ. ನೆಟ್ಟಗೆ ಹಿಡಿದು ತುದಿಯಿಂದ ಕುಟ್ಟಿದರು.

“ದಿಂಡಿನ ತುದೀಲಿ ಕುಟ್ಟೋರು ಈ ಮನೇಲಿ ಯಾರಮ್ಮ?” ಎಂದು ದೋನ್ಯಾ ಕೂಕಾ ಮೆಲ್ಲಗೆ ಕೇಳಿದರು.

ಉಬಾಲ್ದಾ ಬಕೆಟ್ಟನ್ನೇ ನೋಡುತ್ತ ತನಗೆ ಗೊತ್ತಿಲ್ಲ ಎಂದಳು. ಎಷ್ಟು ಬೇಗ ಹೇಳಿದಳೆಂದರೆ ಗೊತ್ತಿರುವುದು ನನಗೂ ಗೊತ್ತಾಯಿತು. ಪೋನ್ಸಿಯಾನೊ ಇರಬಹುದೇ ಎಂದೆ. ಅವಳು ತಲೆಯಲ್ಲಾಡಿಸಿದಳು. ಬಾಯಿ ಮುಚ್ಚುವುದು ಹೆಂಗಸರ ಕೆಲಸ, ಗಂಡಸರು ಆ ಮಣ್ಣು ಮುಟ್ಟುವುದಿಲ್ಲ.

ನಾನು ತಿರುಗಿ ನೋಡಿದೆ. ಒಲೆಯ ಆಚೆ ಬದಿ, ಸೇಯ್ಬಾ ಮರದ ನೆರಳಲ್ಲಿ, ಬೆತ್ತದ ಕುರ್ಚಿಯಲ್ಲಿ ಎರ್ಮೀನಿಯಾ ಅಜ್ಜಿ ಕೂತು ಬಾಳೆನಾರು ಹೊಸೆಯುತ್ತಿದ್ದಳು. ಎಂಬತ್ತೆರಡು ವರ್ಷ. ಈ ಮನೆಗೆ ಹದಿನೇಳಕ್ಕೆ ಬಂದವಳು. ಮಣಿಕಟ್ಟಿಗೆ ನೋವು ಹಿಡಿದು ಆರು ವರ್ಷದಿಂದ ಮಣ್ಣು ಸೊಸೆಗೆ ಬಿಟ್ಟವಳು. ಕೈ ನಾರಿನ ಮೇಲಿತ್ತು, ಕಣ್ಣು ನಮ್ಮ ಮೇಜಿನ ಮೇಲೆ.

ದೋನ್ಯಾ ಕೂಕಾ ಏನೂ ನಡೆಯದವರ ಹಾಗೆ ಎದ್ದರು. ಅಂಗೈಯಲ್ಲಿ ಒಂದು ಉಂಡೆ ಹಸಿ ಮಣ್ಣು, ಇನ್ನೊಂದು ಕೈಯಲ್ಲಿ ದಿಂಡು. ನನ್ನನ್ನು ಹಿಂದೆ ಬಾ ಎಂದು ಹುಬ್ಬಿನಲ್ಲೇ ಕರೆದರು.

ಅಜ್ಜಿಯ ಮುಂದೆ ನಿಂತು ಅವರು ಕೇಳಿದ್ದು ಹಸಿ ಸಕಾವಿಲ್ ವಿಷಯವನ್ನೇ ಅಲ್ಲ. ಒಲೆಯ ಭುಜದಲ್ಲೊಂದು ಬಿರುಕು ಕಾಣುತ್ತಿದೆ, ಹೊಗೆ ಬರುತ್ತಿದೆ, ಸೊಸೆಯ ಕೈಯಲ್ಲಿ ಮಣ್ಣು ಮುಟ್ಟಿಸಬಾರದಲ್ಲ, ನೀವೇ ಸ್ವಲ್ಪ ಮುಚ್ಚಿಕೊಡಿ ಎಂದರು. ಅಜ್ಜಿ ಗೊಣಗಿದಳು. ಕೋರ್ಟಿನಲ್ಲಿ ಕೂತು ಕೂತು ಸೊಂಟ ಬಾಗದವರಿಗೆ ಎಲ್ಲದಕ್ಕೂ ಆಳು ಬೇಕು ಎಂದು ಚುಚ್ಚಿದಳು. ಆದರೂ ಎದ್ದಳು. ಒಲೆ ಕರೆದರೆ ಕೂತಿರಲು ಆಕೆಗೆ ಬರುವುದಿಲ್ಲ.

ಮಣ್ಣನ್ನು ಬಿರುಕಿಗೆ ಮೆತ್ತಿದಳು. ಹೆಬ್ಬೆರಳಿನಿಂದ ಸವರಿದಳು. ಕೈ ಚಾಚಿ ದಿಂಡು ತೆಗೆದುಕೊಂಡಳು. ನೆಟ್ಟಗೆ ಹಿಡಿದು ಕುಟ್ಟಿದಳು: ಟಪ್, ಟಪ್, ಟಪ್.

ಮೂರು ಹೂವು.

ದೋನ್ಯಾ ಕೂಕಾ ಆ ಹೂವುಗಳ ಪಕ್ಕಕ್ಕೆ ಹಳೆಯ ಸಿಪ್ಪೆಯನ್ನು ಹಿಡಿದರು.

ಅಜ್ಜಿಯ ಕೈ ಗಾಳಿಯಲ್ಲಿ ನಿಂತಿತು. ತನ್ನದೇ ಕೈಯನ್ನು ಪರರ ಮಗುವನ್ನು ನೋಡುವ ಹಾಗೆ ಒಂದು ಗಳಿಗೆ ನೋಡಿದಳು. ಆಮೇಲೆ ದಿಂಡನ್ನು ಏಪ್ರನ್ನಿಗೆ ಒರೆಸಿದಳು.

“ಅವಳ ಥರಾನೇ ಉರುಳಿಸಬೇಕು ಅಂತಲೇ ಹೋಗಿದ್ದೆ ಕಣವ್ವಾ,” ಎಂದಳು. “ಐವತ್ತೊಂಬತ್ತು ವರ್ಷ ಕುಟ್ಟಿದ ಕೈ. ಮಾತು ಕೇಳಲಿಲ್ಲ.”

ನನ್ನ ತೀರ್ಮಾನಗಳ ಪಟ್ಟಿಯಲ್ಲಿ ಪೋನ್ಸಿಯಾನೊ ಇದ್ದ, ಕಾಸ್ತುಲೊ ಇದ್ದ, ಅವಸರಕ್ಕೆ ಇರಲಿ ಎಂದು ಪೆಟ್ರೋಲ್ ಬಂಕಿನ ಮ್ಯಾನೇಜರನೂ ಇದ್ದ. ಸ್ವಂತ ಒಲೆಯನ್ನು ಸ್ವಂತ ಕೈಯಿಂದ ಒಡೆದ ಅಜ್ಜಿ ಇರಲಿಲ್ಲ.

ದೋನ್ಯಾ ಕೂಕಾ ಕುರ್ಚಿಯನ್ನು ಹತ್ತಿರಕ್ಕೆಳೆದು ಅಜ್ಜಿಯನ್ನು ಕೂರಿಸಿದರು. ತಾವು ಸೌದೆಯ ತುಂಡಿನ ಮೇಲೆ ಕೂತರು. ದನಿ ಏರಿಸಲಿಲ್ಲ.

“ರಾತ್ರಿ ಬಾಯಿ ಒಡೆದಿದ್ದು ನೀವು.”

“ಹೂಂ.”

“ಕಾಸ್ತುಲೊನ ಸಕಾವಿಲ್ ಒಳಗಿಡಿಸಿದ್ದೂ ನೀವೇ.”

“ಚರ್ಚಿನಲ್ಲಿ ಅವನನ್ನ ಎತ್ಕೊಂಡು ಹೆಸರಿಟ್ಟೋಳು ನಾನು. ತಾ ಅಂದೆ. ತಂದ. ಯಾಕೆ ಅಂತ ಕೇಳಲಿಲ್ಲ. ಯಾರಿಗೂ ಹೇಳಬೇಡ ಅಂದೆ, ಹೇಳಲಿಲ್ಲ. ಜಿಪುಣ ಇರಬಹುದು, ಮಗ ಒಳ್ಳೇವನು.”

“ಅದು ಬೇಯೋಕೆ ಹೊತ್ತು ಸಾಲದೆ ಹಸಿ ಬಂತು. ಬೆಳಿಗ್ಗೆ ಸೊಸೆ ಕಣ್ಣು ತಾಕಿತು ಅಂತ ಮೊದಲು ಬಾಯಿ ತೆಗೆದಿದ್ದೂ ನೀವು. ಅವಳ ಕಣ್ಣಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ನಿಮಗೆ ಗೊತ್ತಿತ್ತು.”

ಸೌದೆ ಚಟಪಟ ಎಂದಿತು.

“ನಿಮ್ಮ ಮನೆ ಸಕಾವಿಲ್ ಎಲ್ಲಿ ಹೋಯ್ತು ದೋನ್ಯಾ ಎರ್ಮೀನಿಯಾ? ಅದನ್ನ ತೆಗೆದು ಯಾರಿಗೆ ಕೊಟ್ರಿ?”

“ನಾನೆಲ್ಲಿ ತೆಗೆದೆ?”

ಅಜ್ಜಿ ಮುಖವೆತ್ತಿದಳು. ಅಲ್ಲಿ ಸಿಕ್ಕಿಬಿದ್ದವರ ಅಳುಕು ಕಾಣಲಿಲ್ಲ. ಒಂದು ವಾರದಿಂದ ಒಬ್ಬಳೇ ಹೊತ್ತದ್ದನ್ನು ಕೆಳಗಿಳಿಸಲು ಜಾಗ ಹುಡುಕುವವಳ ದಣಿವಿತ್ತು.

ಆಮೇಲೆ ಹೇಳುತ್ತ ಹೋದಳು. ಶನಿವಾರ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಮೊದಲು ಯಾಕೆಂದು ತಿಳಿಯಲಿಲ್ಲ. ಹನ್ನೊಂದರ ಹೊತ್ತಿಗೆ ತಿಳಿಯಿತು: ವಾಸನೆ ಇಲ್ಲ. ಅರವತ್ತೈದು ವರ್ಷದಿಂದ ಶನಿವಾರ ಹನ್ನೊಂದಕ್ಕೆ ಸರಿಯಾಗಿ ಬೆಂದ ಎಲೆ ಮತ್ತು ಮೆಣಸಿನಕಾಯಿಯ ವಾಸನೆ ಕಿಟಕಿಯಿಂದ ಬಂದು ಅವಳ ದಿಂಬಿನ ಮೇಲೆ ಕೂರುತ್ತದೆ. ಗಂಡ ಸತ್ತ ವಾರವೂ ಬಂದಿತ್ತು, ದೊಡ್ಡ ಮಗ ಸತ್ತ ವಾರವೂ ಬಂದಿತ್ತು. ಆ ರಾತ್ರಿ ಬರಲಿಲ್ಲ. ಸುಟ್ಟ ಎಲೆಯ ಕಮಟು ಮಾತ್ರ. ಎದ್ದು ರಸ್ತೆ ದಾಟಿ ಬಂದಳು. ಪೋನ್ಸಿಯಾನೊ ಪಕ್ಕದೂರಿಗೆ ಕುಣಿತಕ್ಕೆ ಹೋಗಿದ್ದ, ಉಬಾಲ್ದಾ ಮನೆಯಲ್ಲಿ ಮಲಗಿದ್ದಳು. ದೀಪ ಹಿಡಿದು ಒಲೆಯ ಬಾಯಿ ಸುತ್ತ ನೋಡಿದಳು.

“ಗೆರೆ?” ಎಂದರು ದೋನ್ಯಾ ಕೂಕಾ.

“ಒಂದೂ ಮುರಿದಿರಲಿಲ್ಲ. ಸೊಸೆ ಎಳೆದ ಹಾಗೇ ಇದ್ವು. ಅದನ್ನ ಮುರಿದೋಳು ನಾನೇ.”

“ಆಮೇಲೆ?”

“ತಗಡು ತೆಗೆದೆ. ಒಳಗೆ ಏನೂ ಇರಲಿಲ್ಲ.”

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡೆ. ಅಜ್ಜಿ ಇನ್ನೊಮ್ಮೆ ಹೇಳಿದಳು, ಮಗುವಿಗೆ ಹೇಳುವಷ್ಟು ನಿಧಾನವಾಗಿ.

“ಒಲೆ ಖಾಲಿ ಇತ್ತು. ಒಂದಷ್ಟು ಬೂದಿ, ಅಷ್ಟೇ.”

ರಸ್ತೆಯಲ್ಲಿ ಒಂದು ಲಾರಿ ತಿರುವು ತೆಗೆದುಕೊಂಡು ಹೋಯಿತು. ಅದು ಹಾರ್ನ್ ಹೊಡೆಯಲಿಲ್ಲ.

ಮುಚ್ಚಿದ ಮಣ್ಣು ಮುಚ್ಚಿದಂತೆಯೇ, ಒಳಗಿನ ಅರವತ್ತು ಕಿಲೋ ಸಕಾವಿಲ್ ಇಲ್ಲ. ಬೆಳಗಾದರೆ ನೂರು ಜನ ತಟ್ಟೆ ಹಿಡಿದು ನಿಲ್ಲುತ್ತಾರೆ. ಅಜ್ಜಿ ಮಾಡಿದ್ದು ಇಷ್ಟು: ಕಾಸ್ತುಲೊನನ್ನು ಎಬ್ಬಿಸಿದಳು, ಅವನ ಒಲೆಯಲ್ಲಿ ಇನ್ನೂ ಬೇಯುತ್ತಿದ್ದ ಸಕಾವಿಲ್ ತರಿಸಿ ಒಳಗಿಟ್ಟಳು, ಹೊಸ ಮಣ್ಣು ಕಲಸಿ ಬಾಯಿ ಮುಚ್ಚಿದಳು, ಒಲೆಯಲ್ಲಿ ಉಳಿದ ಕಾವು ಸಾಕಾಗಲಿ ಎಂದು ಚರ್ಚಿನ ಮರಿಯಮ್ಮನಿಗೆ ಕೈಮುಗಿದಳು. ಕಾವು ಸಾಕಾಗಲಿಲ್ಲ.

“ಸರಿ, ಹೆಸರು ಉಳಿಸೋಕೆ ಮಾಡಿದ್ರಿ,” ಎಂದರು ದೋನ್ಯಾ ಕೂಕಾ. “ಸೊಸೆ ಮೇಲೆ ಯಾಕೆ ಹಾಕಿದ್ರಿ?”

“ಕೋರ್ಟಿನಲ್ಲಿ ಇದ್ದೋಳು ನೀನು. ನಾನು ಹೇಳಿಕೊಡಬೇಕಾ?” ಅಜ್ಜಿಯ ದನಿ ಈಗ ಗಟ್ಟಿಯಾಯಿತು. “ಹಸಿ ಅಂದ್ರೆ ಕಣ್ಣಿನ ತಪ್ಪು. ಖಾಲಿ ಅಂದ್ರೆ ಕೈಯ ತಪ್ಪು. ಕಣ್ಣಿನ ತಪ್ಪಿಗೆ ಬಸ್ಸು ಹತ್ತಿಸ್ತಾರೆ. ಕೈಯ ತಪ್ಪಿಗೆ ಪೊಲೀಸ್ ಜೀಪು ಹತ್ತಿಸ್ತಾರೆ. ಖಾಲಿ ಒಲೆಗೆ ಮಣ್ಣು ಮೆತ್ತಿದೋಳು ಯಾರು? ಗೆರೆ ಯಾರದು? ಯಾರಾದ್ರೂ ಕೇಳೋಕೆ ಮೊದಲೇ ಬಸ್ಸು ಹತ್ತಿಸಿಬಿಡೋಣ ಅಂತ ಅಂದ್ಕೊಂಡೆ. ನನ್ನ ಮಗನ ಹೆಂಡತಿ ಅವಳು.”

ದೋನ್ಯಾ ಕೂಕಾ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಅವರ ಮುಖ ನೋಡಿದೆ. ನಮ್ಮನ್ನು ಕರೆತಂದವಳು ಉಬಾಲ್ದಾ. ಅವಳನ್ನು ಬಿಡಿಸಲೆಂದು ನಾವು ಒಂದು ವಾರ ಕೂಡಿಸಿದ ಪುರಾವೆಗಳೆಲ್ಲ ಸರದಿಯಂತೆ ಬಂದು ಅವಳ ಕೊರಳಿಗೇ ಬಿದ್ದಿದ್ದವು. ಅವಳ ಗೆರೆ ಮುರಿದಿರಲಿಲ್ಲ. ಅವಳು ಮುಚ್ಚಿದ ಒಲೆಯಲ್ಲಿ ಏನೂ ಇರಲಿಲ್ಲ.

ಒಂದೇ ಒಂದು ಸಂದಿ ಉಳಿದಿತ್ತು, ಅದನ್ನು ನಾನೇ ಮೊದಲು ಕಂಡು ಬೀಗಿದೆ. ಮುಚ್ಚುವವಳು ಮುಖ ತಿರುಗಿಸಿರುತ್ತಾಳಲ್ಲ! ಒಳಗಿದೆಯೋ ಇಲ್ಲವೋ ಅವಳಿಗೇನು ಗೊತ್ತು? ಖಾಲಿಯೆಂದು ತಿಳಿಯದೆಯೇ ಮುಚ್ಚಿರುತ್ತಾಳೆ. ಗೊತ್ತಿರಬೇಕಾದವನು ತಳ್ಳಿದವನು. ದೋನ್ಯಾ ಕೂಕಾ ಕೂಡ ಅಷ್ಟನ್ನೇ, ನನಗಿಂತ ಅಚ್ಚುಕಟ್ಟಾಗಿ, ಅಜ್ಜಿಗೆ ಬಿಡಿಸಿ ಹೇಳಿದರು. ಪದ್ಧತಿಯೇ ಅವಳಿಗೆ ಸಾಕ್ಷಿ ಎಂದರು. ಅಜ್ಜಿಯ ಹುಬ್ಬು ನಿಧಾನವಾಗಿ ಸಡಿಲವಾಯಿತು. ಇದನ್ನು ಅವಳು ಯೋಚಿಸಿರಲಿಲ್ಲ.

“ಖಾಲಿ ಇರಲಿಲ್ಲ ಅತ್ತೆ.”

ಉಬಾಲ್ದಾ ಸೌದೆ ರಾಶಿಯ ಪಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಕೆಟ್ಟಿನ ನೀರು ಅಲುಗಾಡದೆ ನಿಂತಿತ್ತು.

ನಿನಗೆ ಹೇಗೆ ಗೊತ್ತು ಎಂದು ಅಜ್ಜಿ ಕೇಳಿದಳು. ಕೇಳಬಾರದಿತ್ತು ಎಂದು ಕೇಳಿದ ಕೂಡಲೇ ಅವಳ ಮುಖದಲ್ಲಿ ಕಾಣಿಸಿತು. ದೋನ್ಯಾ ಕೂಕಾ ಅಂಗೈ ಎತ್ತಿದರು, ಸುಮ್ಮನಿರು ಎಂಬಂತೆ. ಉಬಾಲ್ದಾ ಸುಮ್ಮನಾಗಲಿಲ್ಲ.

“ನಾನು ನೋಡಿದೆ,” ಎಂದಳು. “ಆರು ವರ್ಷ ಮಣ್ಣು ಮೆತ್ತಿದೀನಿ ಅತ್ತೆ. ಒಳಗೆ ಹೇಗಿರತ್ತೆ ಅಂತ ಒಂದ್ಸಲಾನೂ ನೋಡಿರಲಿಲ್ಲ. ಅವತ್ತು ತಗಡು ಇಡೋಕೆ ಮೊದಲು ತಿರುಗಿಬಿಟ್ಟೆ. ಸಿಟ್ಟೇನೂ ಇರಲಿಲ್ಲ. ಸುಮ್ನೆ. ಎಲೆ ಕಟ್ಟು ಒಳಗಿತ್ತು. ಇಷ್ಟುದ್ದ. ನನ್ನ ಕಣ್ಣಾರೆ ನೋಡಿದೀನಿ.”

ಅವಳಿಗೆ ತಾನು ಏನು ಹೇಳಿದೆನೆಂದು ಗೊತ್ತಿತ್ತು. ಎರಡು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಅವಳು ಗೆದ್ದಿದ್ದಳು, ಮಣ್ಣು ಅವಳ ಕೈಯಲ್ಲೇ ಉಳಿಯುತ್ತಿತ್ತು. ಊರೆಲ್ಲ ಸುಳ್ಳೇ ಹೊರಿಸಿದ್ದ ತಪ್ಪನ್ನು ಅವಳು ತಾನಾಗಿ ಎತ್ತಿ ಹೆಗಲಿಗೆ ಹಾಕಿಕೊಂಡಿದ್ದಳು.

ಯಾಕಮ್ಮ ಹೇಳಿದೆ ಎಂದೆ ನಾನು, ತಡೆಯಲಾರದೆ. ಅವಳು ಮೊದಲ ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟಳು. ಅತ್ತೆ ತನ್ನನ್ನು ಕಳ್ಳಿ ಎಂದುಕೊಂಡು ಒಂದು ವಾರ ಕಾಪಾಡಿದ್ದಾರೆ, ಹಾಗೆ ಅಂದುಕೊಂಡೇ ಇರಲು ಬಿಟ್ಟು ಬಸ್ಸು ಹತ್ತಲಾರೆ, ಉಳಿದು ಮಣ್ಣು ಹಿಡಿಯಲೂ ಆರೆ ಎಂದಳು. ಇಷ್ಟನ್ನು ಕೆಳದನಿಯಲ್ಲಿ, ಲೋಟ ತೊಳೆದಿಟ್ಟೆ ಎನ್ನುವ ಹಾಗೆ.

ದೋನ್ಯಾ ಕೂಕಾ ಅತ್ತೆಯನ್ನು ನೋಡಿದರು, ಸೊಸೆಯನ್ನು ನೋಡಿದರು. ಆರು ಗಂಟೆಗೆ ಒಳಗಿತ್ತು. ಹನ್ನೊಂದಕ್ಕೆ ಇರಲಿಲ್ಲ. ನಡುವೆ ಬಾಯಿ ತೆರೆದಿರಲಿಲ್ಲ. ಇಬ್ಬರಲ್ಲಿ ಒಬ್ಬಳು ಸುಳ್ಳು ಹೇಳಿರಬೇಕು, ಆದರೆ ಸುಳ್ಳು ಹೇಳಿ ಇಬ್ಬರಿಗೂ ನಷ್ಟವೇ ಹೊರತು ಲಾಭವಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಇಂಥದ್ದನ್ನು ಬೆರಳಚ್ಚು ಮಾಡಿಲ್ಲ ಎಂದು ಅವರು ನನ್ನ ಕಿವಿಯಲ್ಲಿ ಹೇಳಿದರು.

ಐದೂವರೆಯ ಬಸ್ಸು ಬಂತು. ದೆಲ್ಫೀನಾ ಇಳಿದಳು, ಹೊಸ ಏಪ್ರನ್ನು ಕಟ್ಟಿಕೊಂಡೇ ಬಂದಿದ್ದಳು. ಅವಳ ಹಿಂದೆ ನಾಲ್ಕಾರು ಮಂದಿ ಊರಿನವರೂ ಇಳಿದರು. ಮಣ್ಣು ಕೈ ಬದಲಾಯಿಸುವುದನ್ನು ನೋಡಲು ಬಂದವರು. ಕಂಡಕ್ಟರು ಬಾಗಿಲಲ್ಲಿ ನಿಂತು, ಹೊರಡೋರು ಯಾರು ಎಂದು ಕೇಳಿದ. ಉಬಾಲ್ದಾ ಕಂಬದ ಬಳಿ ಹೋಗಿ ಗಂಟು ಎತ್ತಿಕೊಂಡಳು.

ಅಜ್ಜಿ ಕೂತಲ್ಲಿಂದಲೇ ಕಂಡಕ್ಟರಿಗೆ ಕೈ ಬೀಸಿ ಹೋಗು ಎಂದಳು.

ಆಮೇಲೆ ಎದ್ದಳು. ದೆಲ್ಫೀನಾಗೆ ಕೂತು ಕಾಫಿ ಕುಡಿ ಎಂದಳು. ಕೆಂಡ ಎಳೆದು ಹಾಕಿ ಒಲೆ ಸಿದ್ಧವಾಗಿತ್ತು; ಇಬ್ಬರು ಆಳುಗಳೊಂದಿಗೆ ಪೋನ್ಸಿಯಾನೊ ಷೆಡ್ಡಿನಿಂದ ಸಕಾವಿಲ್ ಹೊತ್ತು ತಂದು ಬಾಯಿಯ ಮುಂದಿನ ಕಟ್ಟೆಯ ಮೇಲೆ ಇಳಿಸಿದ. ಹಗುರಾಗಿ ಏನೋ ತಮಾಷೆ ಮಾಡುತ್ತ ಉದ್ದ ಹಿಡಿಯ ಮರದ ಸಲಿಕೆ ಕೈಗೆ ತೆಗೆದುಕೊಂಡ. ಅಭ್ಯಾಸದಂತೆ ಎಲ್ಲರೂ ರಸ್ತೆಯ ಕಡೆ ತಿರುಗಲು ಶುರುಮಾಡಿದರು. ನಾನೂ ಅರ್ಧ ತಿರುಗಿದ್ದೆ.

“ಯಾರೂ ತಿರುಗಬೇಡಿ,” ಎಂದಳು ಅಜ್ಜಿ.

ತಿರುಗಿದ್ದವರ ಬೆನ್ನುಗಳು ಹಾಗೇ ನಿಂತವು.

“ಉಬಾಲ್ದಾ, ಗಂಟು ಇಡು. ಮಣ್ಣು ತಗೊ. ಇವತ್ತು ಒಳಗೆ ಏನು ಹೋಗತ್ತೆ ಅಂತ ನೀನೂ ಹತ್ತಿರ ನಿಂತು ನೋಡು, ನಾನೂ ನೋಡ್ತೀನಿ. ಬೇಯದಿದ್ರೆ ಅದು ನನ್ನ ಕಣ್ಣಿಗೆ ಬರಲಿ.”

ಊರಿನವರಲ್ಲಿ ಒಬ್ಬ ಟೋಪಿ ತೆಗೆದು ಎದೆಗೊತ್ತಿಕೊಂಡ. ಉಬಾಲ್ದಾ ಬಕೆಟ್ಟಿಗೆ ಕೈ ಹಾಕಿ ಒಂದು ಬೊಗಸೆ ಮಣ್ಣು ಎತ್ತಿದಳು, ಬಂದು ಒಲೆಯ ಬಾಯಿಯ ಪಕ್ಕ, ಕಟ್ಟೆಗೆ ಮೊಣಕೈ ತಾಗುವಷ್ಟು ಹತ್ತಿರ ನಿಂತಳು. ಎಲೆಯ ಕಟ್ಟಿನ ಕಡೆಗೆ ಬಗ್ಗಿದಳು.

ಪೋನ್ಸಿಯಾನೊನ ನಗು ಮುಖದ ಮೇಲೆ ಇನ್ನೂ ಇತ್ತು. ಆದರೆ ಅವನು ಸಲಿಕೆಯನ್ನು ಕಟ್ಟೆಯ ಮೇಲೆ, ಅವಳಿಗೂ ಸಕಾವಿಲ್‌ಗೂ ನಡುವೆ, ಮೆಲ್ಲಗೆ ಅಡ್ಡ ಇಟ್ಟುಬಿಟ್ಟ.

“ಅವಳು ನೋಡೋದಾದ್ರೆ ನಾನು ತಳ್ಳಲ್ಲ ಅವ್ವಾ,” ಎಂದ.

ಅಜ್ಜಿ ಮಗನ ಮುಖವನ್ನೇ ನೋಡುತ್ತ ನಿಂತಳು. ಬರೀ ಎಲೆ ತುಂಬಿದ ಕಟ್ಟೊಂದು ಒಳಗೆ ಹೋಗಿ ಉರಿದಿದ್ದರೆ ಉಳಿಯುವುದು ಒಂದಷ್ಟು ಬೂದಿ, ಸುಟ್ಟ ಎಲೆಯ ಕಮಟು ಅಷ್ಟೇ ಎಂದು ನನಗೆ ಆಗ ಹೊಳೆಯಿತು. ಒಲೆಯ ಬಾಯಿ ತೆರೆದೇ ಇತ್ತು, ಕಾವು ಇಳಿಯುತ್ತಿತ್ತು.